ಹಳೆಯ ಬಿಬಿಸಿ ಮೈಕ್ರೋಗಾಗಿ ಪೂರ್ತಿ ಜೋಡಿಸಿ ಸಿದ್ಧವಾದ ಮೆಮೊರಿ ಕಾರ್ಡು ಹುಡುಕುವುದು ಹೇಗೆ?

ಹುಬ್ಬಳ್ಳಿ–ಧಾರವಾಡದ ಗುಜರಿ ಅಂಗಡಿಗಳಲ್ಲಿ, ಸುತ್ತಿಟ್ಟ ತಾಮ್ರದ ತಂತಿ ಮತ್ತು ಒಡೆದ ಟಿವಿಗಳ ನಡುವೆ, ಅಪರೂಪಕ್ಕೊಮ್ಮೆ ಒಂದು ಅಗಲವಾದ ಕೆನೆಬಣ್ಣದ ಡಬ್ಬಿ ಕಣ್ಣಿಗೆ ಬೀಳುವುದುಂಟು. ಕಪ್ಪು ಕೀಲಿಗಳು, ಮೇಲುಸಾಲಿನಲ್ಲಿ ಹತ್ತು ಕೆಂಪು ಕೀಲಿಗಳು. ಅದು ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರು. ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ತಂದ ಈ ಯಂತ್ರವನ್ನೇ ನಮ್ಮ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ 1984ರ 'ಕ್ಲಾಸ್' ಯೋಜನೆಗೆ ಆರಿಸಿಕೊಂಡು, ಮೊದಲ ಹಂತದಲ್ಲಿ 250 ಶಾಲೆಗಳಿಗೆ ಕಳುಹಿಸಿತು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆಯು 'ಯೂನಿಕಾರ್ನ್' ಎಂಬ ಹೆಸರಿನಲ್ಲಿ ಹೊರತಂದದ್ದೂ ಇದನ್ನೇ. ನನ್ನ ಬಳಿ ಇರುವುದನ್ನು ಕೊಟ್ಟ ಅಂಗಡಿಯವರಿಗೆ ಅದರ ಹೆಸರೂ ಬೇಕಿರಲಿಲ್ಲ. "ಒಳಗ ಏನೈತಿ ಅಂತ ನಮಗ್ಯಾಕ್ರಿ ಸರ, ನಾವು ತೂಕದ ಮ್ಯಾಗ ಕೊಡತೇವಿ" ಎಂದು ತಕ್ಕಡಿಯ ಮೇಲಿಟ್ಟರು.

ಇಂಥ ಯಂತ್ರ ಕೈಗೆ ಬಂದು, ಒಂದಿಷ್ಟು ದಿನ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಮು ಬರೆದವರಿಗೆ ಮೊದಲು ತಟ್ಟುವ ಕೊರತೆ ಮೆಮೊರಿಯದು. ಅದನ್ನು ಹೆಚ್ಚಿಸುವ ಕಾರ್ಡುಗಳು ಇಂದಿಗೂ ಸಿಗುತ್ತವೆ. ಆದರೆ ತಪ್ಪು ಕಾರ್ಡು ತರಿಸಿಕೊಳ್ಳುವುದು ಸರಿಯಾದುದನ್ನು ತರಿಸಿಕೊಳ್ಳುವುದಕ್ಕಿಂತ ಬಹಳ ಸುಲಭ. ಆದ್ದರಿಂದ ಹುಡುಕಾಟವನ್ನು ಮಾರಾಟಗಾರರಿಂದಲ್ಲ, ನಿಮ್ಮ ಯಂತ್ರದಿಂದಲೇ ಆರಂಭಿಸಬೇಕು.

ಕೊರತೆ ಎಲ್ಲಿದೆ ಎಂದು ಲೆಕ್ಕ ಹಾಕಿ

ಮಾಡೆಲ್ ಬಿ ಯಂತ್ರದಲ್ಲಿರುವ ಒಟ್ಟು ರ‍್ಯಾಮ್ 32 ಕೆಬಿ, ಅಂದರೆ 32,768 ಬೈಟು. ಪರದೆಯ ಮೇಲೆ ಕಾಣುವ ಚಿತ್ರವೂ ಇದೇ ರ‍್ಯಾಮಿನಲ್ಲಿ ಕುಳಿತಿರುತ್ತದೆ. ಪರದೆ ತೋರಿಸುವ ಬಗೆಗಳಿಗೆ ಇಲ್ಲಿ ಮೋಡ್ ಎಂದು ಹೆಸರು. ಅಕ್ಷರ ಮಾತ್ರ ತೋರಿಸುವ 7ನೇ ಮೋಡ್ ಕೇವಲ 1 ಕೆಬಿ ತೆಗೆದುಕೊಂಡರೆ, ಸೂಕ್ಷ್ಮ ಚಿತ್ರಗಳನ್ನು ತೋರಿಸುವ 0, 1 ಮತ್ತು 2ನೇ ಮೋಡ್‌ಗಳು ತಲಾ 20 ಕೆಬಿ ನುಂಗುತ್ತವೆ. ಫ್ಲಾಪಿ ಡಿಸ್ಕಿನ ವ್ಯವಸ್ಥೆ ಇರುವ ಯಂತ್ರದಲ್ಲಿ ನಿಮ್ಮ ಪ್ರೋಗ್ರಾಮು ಮೆಮೊರಿಯ 6,400ನೇ ವಿಳಾಸದಿಂದ (ಒಂದೊಂದು ಬೈಟಿಗೂ ಒಂದೊಂದು ವಿಳಾಸ) ಶುರುವಾಗುತ್ತದೆ. 0 ಮೋಡ್‌ನಲ್ಲಿ ಪರದೆಯ ಜಾಗ 12,288ರಿಂದ ಆರಂಭವಾಗುತ್ತದೆ. ನಡುವೆ ಉಳಿಯುವುದು 5,888 ಬೈಟು ಮಾತ್ರ.

ಕನ್ನಡಿಗರಿಗೆ ಈ ಲೆಕ್ಕ ಇನ್ನೂ ಬಿಗಿ. ಈ ಯಂತ್ರದಲ್ಲಿ ಹೊಸ ಅಕ್ಷರ ರೂಪಿಸಬಹುದು. ಒಂದೊಂದು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕ, ಒಂದಕ್ಕೆ 8 ಬೈಟು. ಆದರೆ ಸುಮ್ಮನೆ ಸಿಗುವ ಚೌಕಗಳು 32 ಮಾತ್ರ. ನಮ್ಮ ವರ್ಣಮಾಲೆಗೇ ಅವು ಸಾಲವು; ಇನ್ನು ಗುಣಿತಾಕ್ಷರ, ಒತ್ತಕ್ಷರಗಳನ್ನು ಕೇಳುವಂತೆಯೇ ಇಲ್ಲ, ಮೇಲಾಗಿ 'ಕ್ಷ್ಮೀ' ಎಂಬುದನ್ನು ಎಂಟು ಚುಕ್ಕಿಯ ಎತ್ತರದಲ್ಲಿ ಕೂರಿಸಲು ಯಾರಿಂದಲೂ ಆಗದು, ಎರಡು ಮೂರು ಚೌಕ ಜೋಡಿಸಲೇಬೇಕು. ಹೆಚ್ಚು ಚೌಕ ಬೇಕೆಂದು ಯಂತ್ರಕ್ಕೆ ಹೇಳಿದರೆ ಅದು ಗರಿಷ್ಠ 1,536 ಬೈಟನ್ನು ನಿಮ್ಮ ಜಾಗದಿಂದಲೇ ಕತ್ತರಿಸಿಕೊಳ್ಳುತ್ತದೆ. ಉಳಿಯುವುದು 4,352. ಈ ಪ್ಯಾರಾದ ಪಠ್ಯವನ್ನು ಇಂದಿನ ಯೂನಿಕೋಡ್‌ನಲ್ಲಿ ಉಳಿಸಿದರೆ ಸರಿಸುಮಾರು ಅದರ ಮೂರನೇ ಒಂದು ಪಾಲು ತುಂಬಿಹೋಗುತ್ತದೆ.

ನಿಮ್ಮ ತೊಂದರೆ ಇದೇ ಆಗಿದ್ದರೆ ನಿಮಗೆ ಬೇಕಾದದ್ದು 'ಶ್ಯಾಡೋ ರ‍್ಯಾಮ್' ಕಾರ್ಡು. ಅದು ಪರದೆಯ ಚಿತ್ರವನ್ನು ಹಳೆಯ ಜಾಗದಲ್ಲೇ ಬಿಟ್ಟು, ಅದೇ ವಿಳಾಸಗಳಲ್ಲಿ ನಿಮ್ಮ ಪ್ರೋಗ್ರಾಮಿಗೆ ಬೇರೊಂದು ಮೆಮೊರಿ ಒದಗಿಸುತ್ತದೆ. ಹೀಗಾಗಿ ಯಾವ ಮೋಡ್‌ನಲ್ಲಿದ್ದರೂ 26,368 ಬೈಟು ನಿಮ್ಮದಾಗಿರುತ್ತದೆ. ಇನ್ನೊಂದು ಬಗೆ 'ಸೈಡ್‌ವೇಸ್ ರ‍್ಯಾಮ್'. ಇದು 32,768ರಿಂದ 49,151ರವರೆಗಿನ 16 ಕೆಬಿ ಜಾಗದಲ್ಲಿ, ಬೇಸಿಕ್ ಅಥವಾ ಪದಸಂಸ್ಕಾರಕದ ರಾಮ್ (ROM, ಓದಲು ಮಾತ್ರ ಬರುವ ಮೆಮೊರಿ) ಚಿಪ್ಪು ಕೂರುವ ಕಡೆ, ಸರದಿಯ ಮೇಲೆ ಬಂದು ಕೂರುತ್ತದೆ. ರಾಮ್ ಚಿಪ್ಪುಗಳನ್ನು ಕಿತ್ತು ಹಾಕುವ ಬದಲು ಅವುಗಳ ಪ್ರತಿಯನ್ನು ಡಿಸ್ಕಿನಿಂದ ತುಂಬಿಕೊಳ್ಳಲು ಇದು ಅನುಕೂಲ. ಆದರೆ ಬೇಸಿಕ್ ಪ್ರೋಗ್ರಾಮಿಗೆ ಇದರಿಂದ ಒಂದು ಬೈಟೂ ಹೆಚ್ಚು ಸಿಗುವುದಿಲ್ಲ. ಜಾಹೀರಾತಿನಲ್ಲಿ '64 ಕೆಬಿ' ಎಂದು ಕಂಡೊಡನೆ ಮರುಳಾಗುವವರು ಎಡವುವುದು ಇಲ್ಲಿಯೇ. ಎರಡನ್ನೂ ಒಂದರಲ್ಲೇ ಕೊಡುವ ಕಾರ್ಡುಗಳೂ ಇವೆ.

ಕೈಯಲ್ಲಿರುವುದು ಮಾಡೆಲ್ ಎ ಆಗಿದ್ದರೆ ಅದರಲ್ಲಿ 16 ಕೆಬಿ ಮಾತ್ರ ಇರುತ್ತದೆ. ಕಾರ್ಡಿನ ಯೋಚನೆಗೆ ಮೊದಲು ಬೋರ್ಡಿನ ಮೇಲಿನ ಖಾಲಿ ಎಂಟು ರ‍್ಯಾಮ್ ಜಾಗಗಳನ್ನು ತುಂಬಿಸಬೇಕು. ಬಿ ಪ್ಲಸ್ ಅಥವಾ ಮಾಸ್ಟರ್ 128 ಆಗಿದ್ದರೆ ಶ್ಯಾಡೋ ರ‍್ಯಾಮ್ ಒಳಗೇ ಇದೆ, ದುಡ್ಡು ಉಳಿಯಿತು.

ಡಬ್ಬಿ ಬಿಚ್ಚಿ, ಬರೆದಿಟ್ಟುಕೊಳ್ಳಿ

ಹಿಂಬದಿಯಲ್ಲಿ ಎರಡು, ತಳದಲ್ಲಿ ಎರಡು ಸ್ಕ್ರೂಗಳಿರುತ್ತವೆ. ಅವುಗಳ ಪಕ್ಕದಲ್ಲಿ 'ಫಿಕ್ಸ್' ಎಂದು ಬರೆದಿರುತ್ತದೆ. ಪ್ಲಗ್ಗು ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಮೇಲುಮುಚ್ಚಳ ತೆಗೆಯಿರಿ. ಬೋರ್ಡಿನ ಮೇಲೆ ಅಚ್ಚಾದ ಇಶ್ಯೂ ಸಂಖ್ಯೆಯನ್ನು, ಅಂದರೆ ಅದು ಬೋರ್ಡಿನ ಎಷ್ಟನೇ ಆವೃತ್ತಿ ಎಂಬುದನ್ನು, ಮೊದಲು ಬರೆದುಕೊಳ್ಳಿ. ಕೀಲಿಮಣೆಯನ್ನು ಸಡಿಲಿಸಿ ಎತ್ತಿದರೆ ಬಲಮೂಲೆಯಲ್ಲಿ ರಾಮ್ ಸಾಕೆಟ್ಟುಗಳ ಸಾಲು ಕಾಣುತ್ತದೆ. ಯಾವುದು ತುಂಬಿದೆ, ಯಾವುದು ಖಾಲಿ ಎಂದು ಗುರುತು ಹಾಕಿಕೊಳ್ಳಿ. ಡಿಸ್ಕಿಗಾಗಿ ಮೂಲದ 8271 ಚಿಪ್ಪಿದೆಯೇ, ಅಥವಾ ಅದರ ಸಾಕೆಟ್ಟಿನ ಮೇಲೆ 1770 ಚಿಪ್ಪಿನ ಪುಟ್ಟ ಮರಿಬೋರ್ಡು ಕುಳಿತಿದೆಯೇ ಎಂಬುದೂ ಮುಖ್ಯ, ಏಕೆಂದರೆ ಅಂಥ ಮರಿಬೋರ್ಡು ಮತ್ತು ಹೊಸ ಕಾರ್ಡು ಒಂದಕ್ಕೊಂದು ಜಾಗಕ್ಕಾಗಿ ಜಗಳವಾಡಬಹುದು. ಹೆಚ್ಚಿನ ಶ್ಯಾಡೋ ಕಾರ್ಡುಗಳು 40 ಕಾಲಿನ 6502 ಪ್ರೊಸೆಸರಿನ ಸಾಕೆಟ್ಟಿನಲ್ಲಿ ಕೂರುತ್ತವೆ, ಕಿತ್ತ ಪ್ರೊಸೆಸರು ಕಾರ್ಡಿನ ಬೆನ್ನೇರುತ್ತದೆ. ಆದ್ದರಿಂದ ಆ ಚಿಪ್ಪಿನ ಸುತ್ತ ಎಷ್ಟು ಜಾಗವಿದೆ ಎಂದು ಪಟ್ಟಿ ಹಿಡಿದು ಅಳೆಯಿರಿ. ಎಲ್ಲವನ್ನೂ ಫೋನಿನಲ್ಲಿ ಚಿತ್ರ ತೆಗೆದಿಡಿ. ಮುಂದೆ ಮಾರಾಟಗಾರರಿಗೆ ಕಳುಹಿಸಬೇಕಾಗುತ್ತದೆ.

ಇದೇ ಹೊತ್ತಿನಲ್ಲಿ ಪವರ್ ಸಪ್ಲೈ ಕಡೆಗೂ ಗಮನ ಕೊಡಬೇಕು. ಅದರೊಳಗಿನ ರೀಫಾ ಹೆಸರಿನ ಹಳದಿ ಛಾಯೆಯ ಪಾರದರ್ಶಕ ಕೆಪಾಸಿಟರುಗಳು ವಯಸ್ಸಾದಂತೆ ಬಿರುಕು ಬಿಟ್ಟು ತೇವ ಹೀರಿ, ಒಂದು ದಿನ ದಟ್ಟ ಹೊಗೆ ಎಬ್ಬಿಸಿ ಸಾಯುತ್ತವೆ. ಅವುಗಳನ್ನು ಬದಲಿಸುವುದು ಟಿವಿ ರಿಪೇರಿಯವರಿಗೆ ಅರ್ಧ ಗಂಟೆಯ ಕೆಲಸ, ಆದರೆ 230 ವೋಲ್ಟು ಹರಿಯುವ ಜಾಗವಾದ್ದರಿಂದ ಅನುಭವವಿಲ್ಲದವರು ಕೈ ಹಾಕಬಾರದು. ನಂತರ ಮಲ್ಟಿಮೀಟರಿನಲ್ಲಿ 5 ವೋಲ್ಟಿನ ತಂತಿ 4.75ರಿಂದ 5.25ರ ನಡುವೆ ಇದೆಯೇ ಎಂದು ನೋಡಿ. ಹೊಸ ಕಾರ್ಡು ಹಾಕಿದ ಮೇಲೆ ಯಂತ್ರ ತಡವರಿಸಿದರೆ ತಪ್ಪು ಯಾರದೆಂದು ಹೇಳಲು ಈ ಅಳತೆ ಬೇಕಾಗುತ್ತದೆ.

'ಜೋಡಿಸಿದ್ದು' ಎಂದರೆ ಏನು

ಇಂಥ ಕಾರ್ಡುಗಳು ಮೂರು ರೂಪದಲ್ಲಿ ಮಾರಾಟವಾಗುತ್ತವೆ: ಬರಿಯ ಬೋರ್ಡು, ಬಿಡಿಭಾಗಗಳೊಡನೆ ಕಿಟ್ಟು, ಮತ್ತು ಪೂರ್ತಿ ಜೋಡಿಸಿದ ಕಾರ್ಡು. ಬೆಸುಗೆ ಬಲ್ಲವರಿಗೆ ಕಿಟ್ಟು ಅಗ್ಗವೆನಿಸುವುದು ಸಹಜ. ಆದರೆ ಬೆಸುಗೆ ಇದರಲ್ಲಿ ಸಣ್ಣ ಪಾಲು. ವಿಳಾಸಗಳನ್ನು ಹಂಚುವ ಪ್ರೋಗ್ರಾಮೆಬಲ್ ಚಿಪ್ಪಿಗೆ ಒಳಗಿನ ತರ್ಕವನ್ನು ತುಂಬಲು ಪ್ರತ್ಯೇಕ ಉಪಕರಣ ಬೇಕು. ನಿಯಂತ್ರಣದ ತಂತ್ರಾಂಶವನ್ನು ಈಪ್ರಾಮ್ (ಅಳಿಸಿ ಮತ್ತೆ ಬರೆಯಬಹುದಾದ ರಾಮ್) ಚಿಪ್ಪಿಗೆ ಬರೆಯಬೇಕು. ಕೊನೆಗೆ ಕೆಲಸ ಮಾಡುವ ಇನ್ನೊಂದು ಯಂತ್ರದಲ್ಲಿ ಹಾಕಿ ನೋಡಬೇಕು. ಜೋಡಿಸಿದ ಕಾರ್ಡಿಗೆ ನಾವು ತೆರುವ ಹೆಚ್ಚಿನ ಹಣ ಬೆಸುಗೆಗಲ್ಲ, ಈ ಕೊನೆಯ ಪರೀಕ್ಷೆಗೆ.

ನಾನು ಇದನ್ನು ಕಲಿತದ್ದು ಕಳೆದುಕೊಂಡ ಮೇಲೆ. ವಿದೇಶದ ಒಬ್ಬ ಮಾರಾಟಗಾರರಿಂದ 'ಜೋಡಿಸಿದ್ದು' ಎಂಬ ಪದವನ್ನು ನಂಬಿ ತರಿಸಿದ ಕಾರ್ಡಿನ ಬೆಸುಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ನಿಯಂತ್ರಣದ ಈಪ್ರಾಮ್ ಇರಬೇಕಾದ ಸಾಕೆಟ್ಟು ಮಾತ್ರ ಖಾಲಿ. ಕೇಳಿದಾಗ, ಅದು ಬೇರೆ ಸಾಮಾನು ಎಂಬ ಉತ್ತರ ಬಂತು. ಮಾತಿನ ಪ್ರಕಾರ ಅವರು ಸುಳ್ಳು ಹೇಳಿರಲಿಲ್ಲ.

ಎಲ್ಲಿ ಹುಡುಕುವುದು

ನಮ್ಮ ಊರುಗಳಲ್ಲಿ ಕಾರ್ಡೇ ಸಿಗುವ ಸಂಭವ ತೀರ ಕಡಿಮೆ. ಆದರೂ ಹಳೆಯ ಶಾಲೆ, ಕಾಲೇಜುಗಳು ದಾಸ್ತಾನು ವಿಲೇವಾರಿ ಮಾಡುವಾಗ ಯಂತ್ರದ ಜತೆ ಬಂದ ರಟ್ಟಿನ ಪೆಟ್ಟಿಗೆಗಳನ್ನು ನೋಡದೆ ಬಿಡಬೇಡಿ. ಬಿಡಿ ಸಾಕೆಟ್ಟು, ಚಿಪ್ಪುಗಳಿಗೆ ಬೆಂಗಳೂರಿನ ಎಸ್‌.ಪಿ. ರಸ್ತೆ ಅಥವಾ ಮುಂಬೈಯ ಲ್ಯಾಮಿಂಗ್ಟನ್ ರಸ್ತೆಗೆ ಹೋಗಬೇಕು. ಹುಬ್ಬಳ್ಳಿಯವರಿಗೆ ಲ್ಯಾಮಿಂಗ್ಟನ್ ಎಂದರೆ ಶಾಲೆ, ಮುಂಬೈಯವರಿಗೆ ಎಲೆಕ್ಟ್ರಾನಿಕ್ಸ್ ಪೇಟೆ; ಎರಡಕ್ಕೂ ಹೆಸರು ಬಂದದ್ದು 1903ರಿಂದ 1907ರವರೆಗೆ ಮುಂಬಯಿ ಪ್ರಾಂತ್ಯದ ಗವರ್ನರನಾಗಿದ್ದ ಒಬ್ಬನೇ ಲಾರ್ಡ್‌ನಿಂದ.

ಕಾರ್ಡು ಬರಬೇಕಾದದ್ದು ಹೆಚ್ಚಾಗಿ ಬ್ರಿಟನ್ನಿನಿಂದ, ಅಂತರಜಾಲದ ಮಾರಾಟ ತಾಣಗಳ ಮೂಲಕ. ಅಲ್ಲಿ ಎರಡು ದಾರಿಗಳಿವೆ. ಒಂದು, ಎಂಬತ್ತರ ದಶಕದ ಏರೀಸ್, ವಾಟ್‌ಫರ್ಡ್, ಸಾಲಿಡಿಸ್ಕ್‌ನಂಥ ಕಂಪನಿಗಳ ಹಳೆಯ ಕಾರ್ಡುಗಳು. ಇನ್ನೊಂದು, ಹವ್ಯಾಸಿಗಳು ಇತ್ತೀಚೆಗೆ ಹೊಸದಾಗಿ ತಯಾರಿಸಿದವು. ಸಂಗ್ರಹಕಾರರಲ್ಲದವರಿಗೆ ನನ್ನ ಸಲಹೆ ಎರಡನೆಯದು. ಈಗ ಒಂದೇ ಸ್ಟ್ಯಾಟಿಕ್ ರ‍್ಯಾಮ್ ಚಿಪ್ಪಿನಲ್ಲಿ 32 ಕೆಬಿ ಹಿಡಿಸುವುದರಿಂದ ಹೊಸ ಕಾರ್ಡುಗಳಲ್ಲಿ ಚಿಪ್ಪುಗಳು ಕಡಿಮೆ, ಬಿಸಿಯೂ ಕಡಿಮೆ. ಹಳೆಯ ಕಾರ್ಡನ್ನೇ ಕೊಳ್ಳುವುದಾದರೆ ಅದರಲ್ಲಿ ಬ್ಯಾಟರಿ ಇದೆಯೇ ಎಂದು ವಿಚಾರಿಸಿ. ಹಳೆಯ ನಿಕಲ್–ಕ್ಯಾಡ್ಮಿಯಂ ಬ್ಯಾಟರಿ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ.

ಹಣ ಕಳುಹಿಸುವ ಮೊದಲು ಮಾರಾಟಗಾರರಿಂದ ಕಾರ್ಡಿನ ಎರಡೂ ಬದಿಯ ಚಿತ್ರ, ಮತ್ತು ಅದೇ ಕಾರ್ಡು ಕೂತ ಯಂತ್ರದ ಪರದೆಯ ಚಿತ್ರ ಕೇಳಿ. ಯಾವ ಇಶ್ಯೂ ಬೋರ್ಡಿನಲ್ಲಿ ಪರೀಕ್ಷಿಸಿದ್ದಾರೆ, ಈಪ್ರಾಮ್ ಮತ್ತು ಕೈಪಿಡಿ ಜತೆಗೆ ಬರುತ್ತವೆಯೇ, ಮುಖ್ಯ ಬೋರ್ಡಿಗೆ ಬಿಡಿ ತಂತಿಗಳನ್ನು ಬೆಸೆಯಬೇಕೇ ಅಥವಾ ಸಿಕ್ಕಿಸಿದರೆ ಸಾಕೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ನಿಮ್ಮ ಯಂತ್ರದ ಚಿತ್ರ ಕಳುಹಿಸಿ, "ಇದರಲ್ಲಿ ಕೂರುತ್ತದೆಯೇ?" ಎಂದು ನೇರವಾಗಿ ಕೇಳಿ. ಪರೀಕ್ಷಿಸಿದವರು ಒಂದೇ ಸಾಲಿನಲ್ಲಿ ಉತ್ತರಿಸುತ್ತಾರೆ. ಪರೀಕ್ಷಿಸದವರ ಉತ್ತರ ಉದ್ದವಾಗಿರುತ್ತದೆ.

ಹೊರದೇಶದಿಂದ ಬರುವ ಪೊಟ್ಟಣಕ್ಕೆ ಕಸ್ಟಮ್ಸ್ ಸುಂಕ ಬೀಳುತ್ತದೆಂಬುದನ್ನು ಬೆಲೆಯ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ. ಬೆಲೆಯ ಬಿಲ್ಲು ಪೊಟ್ಟಣದ ಹೊರಗೆ ಅಂಟಿಸಿರಲಿ, ಅದರಲ್ಲಿ ನಿಜವಾದ ಬೆಲೆಯೇ ಇರಲಿ. ಕೊರಿಯರ್ ಮೂಲಕ ತರಿಸಿದರೆ ಗುರುತಿನ ದಾಖಲೆ ಕೇಳುತ್ತಾರೆ.

ಕೂರಿಸಿ, ಪರೀಕ್ಷಿಸಿ

ಫೆಬ್ರುವರಿ, ಮಾರ್ಚಿನ ನಮ್ಮ ಒಣಹವೆಯಲ್ಲಿ ಮೈಮೇಲೆ ಸ್ಥಿರವಿದ್ಯುತ್ತು ಸೇರುವುದು ಹೆಚ್ಚು. ಚಿಪ್ಪು ಮುಟ್ಟುವ ಮೊದಲು ಭೂಸಂಪರ್ಕವಿರುವ ಲೋಹವನ್ನು ಮುಟ್ಟಿ. ಪ್ರೊಸೆಸರನ್ನು ಎರಡೂ ತುದಿಯಿಂದ ಸರದಿಯಂತೆ, ಚಪ್ಪಟೆ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟೇ ಎತ್ತುತ್ತ ಬನ್ನಿ. ನಲವತ್ತು ವರ್ಷ ಅಲುಗಾಡದ ಕಾಲುಗಳು ಗಡಿಬಿಡಿ ಮಾಡಿದರೆ ಮುರಿಯುತ್ತವೆ. ಕಪ್ಪಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಒಣಗಿಸಿ. ಚಿಪ್ಪಿನ ತುದಿಯ ಕಚ್ಚು ಮೊದಲು ಯಾವ ದಿಕ್ಕಿಗಿತ್ತೋ ಕಾರ್ಡಿನ ಮೇಲಿನ ಗುರುತಿಗೂ ಅದೇ ದಿಕ್ಕಿಗಿರಬೇಕು. ಉಲ್ಟಾ ಕೂರಿಸಿ ಸ್ವಿಚ್ಚು ಹಾಕಿದರೆ ಎರಡನೆಯ ಅವಕಾಶ ಸಿಗದು.

ಯಂತ್ರ ಎಂದಿನಂತೆ ಬೀಪ್ ಎಂದರೆ, ಕೈಪಿಡಿಯ ಆದೇಶದಿಂದ ಶ್ಯಾಡೋ ರ‍್ಯಾಮನ್ನು ಚಾಲೂ ಮಾಡಿ 0 ಮೋಡ್‌ಗೆ ಹೋಗಿ, ಹೈಮೆಮ್‌ನಿಂದ ಪೇಜ್ ಕಳೆದು (ಅಂದರೆ ನಿಮ್ಮ ಜಾಗ ಮುಗಿಯುವ ವಿಳಾಸದಿಂದ ಅದು ಶುರುವಾಗುವ ವಿಳಾಸ ಕಳೆದು) ಪ್ರಿಂಟ್ ಮಾಡಿಸಿ. ಡಿಸ್ಕಿರುವ ಯಂತ್ರದಲ್ಲಿ 5,888ರ ಬದಲು 26,368 ಬರಬೇಕು. ಇದು ಯಂತ್ರದ ಹೇಳಿಕೆ ಮಾತ್ರ. ಸಾಕ್ಷ್ಯ ಬೇರೆ ಬೇಕು. ಒಂದು ಪುಟ್ಟ ಬೇಸಿಕ್ ಪ್ರೋಗ್ರಾಮು ಬರೆದು, 12,288ರಿಂದ 32,000ದವರೆಗಿನ ಪ್ರತಿ ವಿಳಾಸದಲ್ಲೂ ಮೊದಲು 85, ನಂತರ 170 ಬರೆದು ಓದಿಸಿ. ದ್ವಿಮಾನ ಪದ್ಧತಿಯಲ್ಲಿ ಈ ಎರಡು ಸಂಖ್ಯೆಗಳು ಒಂದು, ಸೊನ್ನೆಗಳನ್ನು ಅದಲುಬದಲು ಮಾಡಿದಂತಿರುವುದರಿಂದ ಪ್ರತಿ ಬಿಟ್ಟೂ ಎರಡೂ ಸ್ಥಿತಿಯಲ್ಲಿ ಪರೀಕ್ಷೆಗೊಳಗಾಗುತ್ತದೆ. ಸೈಡ್‌ವೇಸ್ ರ‍್ಯಾಮನ್ನು ಹೀಗೆ ನೋಡಲಾಗದು, ಏಕೆಂದರೆ ಆ ಜಾಗದಲ್ಲಿ ಬೇಸಿಕ್ ತಾನೇ ಕುಳಿತಿರುತ್ತದೆ. ಅದಕ್ಕೆ ಕಾರ್ಡಿನ ಜತೆ ಬಂದ ಪರೀಕ್ಷಾ ತಂತ್ರಾಂಶವೇ ಗತಿ.

ಪ್ರೋಗ್ರಾಮು ಓಡುವಾಗ ಪರದೆಯನ್ನು ಗಮನಿಸಿ. ಅಲ್ಲಿ ತೆಳುವಾದ ನೆಟ್ಟನೆಯ ಗೆರೆಗಳು ಮೇಲಿನಿಂದ ತುಂಬುತ್ತ ಬಂದರೆ, ನೀವು ಬರೆಯುತ್ತಿರುವುದು ಕಾರ್ಡಿನಲ್ಲಲ್ಲ, ಪರದೆಯ ಹಳೆಯ ಮೆಮೊರಿಯಲ್ಲಿ ಎಂದರ್ಥ. ಶ್ಯಾಡೋ ಚಾಲೂ ಆಗಿಲ್ಲ. ಪರದೆ ಶುಭ್ರವಾಗಿದ್ದು ಓದಿದ ಸಂಖ್ಯೆ ಮಾತ್ರ ತಪ್ಪಿದರೆ, ಯಂತ್ರ ಆರಿಸಿ ಕಾರ್ಡನ್ನು ಇನ್ನೊಮ್ಮೆ ಒತ್ತಿ ಕೂರಿಸಿ. ಎರಡು ತಾಸು ಬಿಸಿಯಾದ ಮೇಲೂ ಅದೇ ವಿಳಾಸ ಮತ್ತೆ ಮತ್ತೆ ತಪ್ಪುತ್ತಿದ್ದರೆ, ಆ ವಿಳಾಸವನ್ನೂ ಪರದೆಯ ಚಿತ್ರವನ್ನೂ ಸೇರಿಸಿ, ಮರಳಿಸುವ ಗಡುವು ಮುಗಿಯುವ ಮುಂಚೆ ಮಾರಾಟಗಾರರಿಗೆ ಬರೆಯಿರಿ.