1863ರ ಡ್ರಾಫ್ಟ್ ಪಟ್ಟಿಯನ್ನು ಕನ್ನಡ ಲಿಪಿಯಲ್ಲಿ ಬಿಡಿಸಿದ್ದು

ಅಮೆರಿಕದ ಅಂತರ್ಯುದ್ಧದ ಡ್ರಾಫ್ಟ್ ಪಟ್ಟಿಯನ್ನು, ಅಂದರೆ ಸೇನೆಗೆ ಕಡ್ಡಾಯವಾಗಿ ಕರೆಯಬಹುದಾದವರ ಪಟ್ಟಿಯನ್ನು, 1860ರ ಜನಗಣತಿಗೆ ಹೆಸರು ಹೆಸರಾಗಿ ಜೋಡಿಸಲು ಆಗುವುದಿಲ್ಲ ಅಂತ ಹಳೆಯ ದಾಖಲೆ ಹುಡುಕುವ ನಮ್ಮ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ನಾನಿರುವ ನ್ಯೂಯಾರ್ಕ್ ರಾಜ್ಯದ ಸಣ್ಣ ಊರಿಗೆ ಈಗ ಅದು ಆಗಿದೆ. ಸುಮಾರು 600 ಹೆಸರು. ಹತ್ತರಲ್ಲಿ ಎಂಟು ಕೂತಿವೆ. ಎರಡೂವರೆ ವರ್ಷ ಹಿಡಿಯಿತು, ಹೆಚ್ಚುಕಡಿಮೆ 1,100 ಡಾಲರ್ ಹೋಯಿತು.

ಈ ಡ್ರಾಫ್ಟ್ ಪಟ್ಟಿಗೆ ಕನ್ಸಾಲಿಡೇಟೆಡ್ ಲಿಸ್ಟ್ ಅಂತ ಹೆಸರು, ಅದನ್ನು ನೋಡಿದವರಿಗೆ ನನ್ನ ಕಷ್ಟ ಗೊತ್ತು. ಮೊದಲು ಕಾಂಗ್ರೆಸ್ ಜಿಲ್ಲೆ (ಸಂಸತ್ ಕ್ಷೇತ್ರ), ಆಮೇಲೆ ಕ್ಲಾಸ್ (ಯಾರನ್ನು ಮೊದಲು ಕರೆಯಬೇಕು ಅನ್ನುವ ವರ್ಗ), ಆಮೇಲೆ ಮನೆತನದ ಹೆಸರಿನ ಮೊದಲ ಅಕ್ಷರ. ನಮ್ಮೂರಿನವರನ್ನು ಹೆಕ್ಕುವುದಕ್ಕೇ ಒಂದು ಚಳಿಗಾಲ ಬೇಕಾಯಿತು.

ಮೊದಲ ಪೆಟ್ಟು ಬಿದ್ದದ್ದು ಟೈಪಿಂಗ್‌ನಲ್ಲಿ. ದುಡ್ಡು ಕೊಟ್ಟು ಒಬ್ಬರಿಂದ ಟೈಪ್ ಮಾಡಿಸಿದೆ, 240 ಡಾಲರ್. ಅವರು ಒಳ್ಳೆಯ ಮನಸ್ಸಿನಿಂದಲೇ ಹೆಸರುಗಳ ಸ್ಪೆಲಿಂಗ್ ತಿದ್ದಿಬಿಟ್ಟಿದ್ದರು! ನನಗೆ ಬೇಕಿದ್ದದ್ದೇ ಆ ತಪ್ಪುಗಳು. ಪೂರ್ತಿ ಎಸೆದು ನಾನೇ ಕೂತು ಮಾಡಿದೆ.

ಆಮೇಲೆ ಸೌಂಡೆಕ್ಸ್, ಅಂದರೆ ಒಂದೇ ಥರ ಕೇಳಿಸುವ ಇಂಗ್ಲಿಷ್ ಹೆಸರುಗಳಿಗೆ ಒಂದೇ ಕೋಡ್ ಕೊಡುವ ವಿಧಾನ. ನೂರಕ್ಕೆ ನಲವತ್ತೂ ಕೂರಲಿಲ್ಲ. ಅದು ಮೊದಲ ಅಕ್ಷರವನ್ನು ಬಿಡುವುದೇ ಇಲ್ಲ. ಕೇನ್ ಅನ್ನುವವನನ್ನು ಒಬ್ಬ ಕೆ ಹಾಕಿ ಬರೆದ, ಇನ್ನೊಬ್ಬ ಸಿ ಹಾಕಿ ಬರೆದ. ಇಬ್ಬರೂ ಬೇರೆ ಬೇರೆ ಆಗಿಬಿಟ್ಟರು. ಫಿಲಿಪ್ಸ್ ಕಥೆಯೂ ಅದೇ. ಒಂದು ರಾತ್ರಿ ಹೊಳೆಯಿತು: ಮನೆಮನೆಗೆ ಹೋದ ನೋಂದಣಿದಾರ ಕಿವಿಗೆ ಬಿದ್ದದ್ದನ್ನು ಬರೆದಿದ್ದಾನೆ. ಕಿವಿಗೆ ಬಿದ್ದದ್ದನ್ನು ಬರೆಯುವುದಕ್ಕೆ ನಮ್ಮ ಲಿಪಿಗಿಂತ ಬೇಕಾ?

ಎಲ್ಲ ಹೆಸರನ್ನೂ ಕನ್ನಡದಲ್ಲಿ ಬರೆದೆ. ಮಹಾಪ್ರಾಣ ತೆಗೆದೆ. ಶ, ಷ, ಸ ಒಂದೇ ಮಾಡಿದೆ, ಜರ್ಮನ್ ಷ್ನೈಡರ್ ಮತ್ತು ಸ್ನೈಡರ್ ಒಟ್ಟಿಗೆ ಬಂದರು. ಹುರುಪಿನಲ್ಲಿ ಸ್ವರಗಳನ್ನೆಲ್ಲ ಕಿತ್ತೆ. ಕೆಲಿ, ಕೋಲ್, ಕೂಲಿ ಎಲ್ಲ ಒಂದೇ ರಾಶಿಗೆ ಬಿದ್ದರು. ಎರಡು ವಾರದ ಕೆಲಸ ನೀರಲ್ಲಿ ಹೋಮ. ಮೊದಲ ಸ್ವರ ಉಳಿಸಿದ ಮೇಲೆ ಸರಿಹೋಯಿತು. ಐರಿಶ್ ಹೆಸರುಗಳ ಮುಂದೆ ಬರುವ ಓ ಮತ್ತು ಮ್ಯಾಕ್‌ಗೆ ಒಂದು ಉಪಾಯ ಮಾಡಿದ್ದೇನೆ. ಆ ಗಂಟು ಸದ್ಯ ನನ್ನ ಹತ್ತಿರವೇ ಇರಲಿ.

ಹೆಸರು ಕೂತ ಮೇಲೆ ವಯಸ್ಸು, ಕಸುಬು, ಹುಟ್ಟಿದ ದೇಶ ನೋಡುತ್ತೇನೆ. ಪಟ್ಟಿಯಲ್ಲಿರುವುದು 1863ರ ಜುಲೈ 1ರ ವಯಸ್ಸು. ಮೂರು ಕಳೆದು, ಎರಡು ವರ್ಷ ಆಚೀಚೆ ಬಿಡಬೇಕು. ಮದುವೆಯಾದವರಲ್ಲಿ ಹುಷಾರು. 35 ದಾಟಿದರೆ ಅವರು ಎರಡನೇ ಕ್ಲಾಸ್, ಮೊದಲ ಕ್ಲಾಸ್ ಮುಗಿಯುವ ತನಕ ಕರೆಯುತ್ತಿರಲಿಲ್ಲ, ಹಾಗಾಗಿ ವಯಸ್ಸು ಏರಿಸಿ ಹೇಳಿರಬಹುದು. 1860ರಲ್ಲಿ 30 ಇದ್ದು 1863ಕ್ಕೆ 36 ಆದವರು ನನಗೆ ಹತ್ತು ಹದಿನೈದು ಸಿಕ್ಕರು.

ಇಷ್ಟೆಲ್ಲ ಯಾಕೆ? ಒಬ್ಬನೇ ಮನುಷ್ಯ ಎರಡು ಸಲ ಬರೆಸಿಕೊಂಡಿದ್ದನ್ನು ಹಿಡಿಯುವುದಕ್ಕೆ. ಮನೆ ಇರುವ ಊರಲ್ಲಿ ಒಂದು ಸಲ, ಕೆಲಸ ಮಾಡುವ ಊರಲ್ಲಿ ಇನ್ನೊಂದು ಸಲ. ಊರಿನ ಕೋಟಾ, ಅಂದರೆ ಊರು ಎಷ್ಟು ಸೈನಿಕರನ್ನು ಕೊಡಬೇಕು ಅನ್ನುವ ಲೆಕ್ಕ, ಹಾಕುತ್ತಿದ್ದದ್ದು ಈ ಪಟ್ಟಿಯಿಂದಲೇ. ಸುಳ್ಳು ಹೆಸರು ಜಾಸ್ತಿಯಾದಷ್ಟೂ ಊರಿನವರು ಜಾಸ್ತಿ ಜನ ಕೊಡಬೇಕು, ಇಲ್ಲವೇ ಸಾಲ ಮಾಡಿ ಬೌಂಟಿ (ಸೇನೆ ಸೇರುವವರಿಗೆ ಇನಾಮು) ಕೊಟ್ಟು ಸ್ವಯಂಸೇವಕರನ್ನು ತರಬೇಕು. ನನಗೆ ಅಂಥ ಜೋಡಿ ಹೆಸರು ಮೂವತ್ತರ ಹತ್ತಿರ ಸಿಕ್ಕಿವೆ. ಯುದ್ಧ ಅಂದರೆ ಎಲ್ಲರೂ ಗೆಟಿಸ್‌ಬರ್ಗ್ ಕದನ ಅನ್ನುತ್ತಾರೆ. ನನಗೆ ಈ ಲೆಕ್ಕದಲ್ಲೇ ಯುದ್ಧ ಕಾಣುತ್ತದೆ.

ಮಧ್ಯೆ ಇನ್ನೊಂದು ಕಡೆ ಹೋದೆ. ಸರ್ಕಾರಕ್ಕೆ 300 ಡಾಲರ್ ಕಟ್ಟಿ ಡ್ರಾಫ್ಟ್ ತಪ್ಪಿಸಿಕೊಂಡವರ ಹೆಸರನ್ನು ಜನಗಣತಿಯ ಆಸ್ತಿ ಕಾಲಂ ಜೊತೆ ಇಟ್ಟು ನೋಡಿದೆ. ಬರೀ ಸಾಹುಕಾರರು ಇರುತ್ತಾರೆ ಅಂದುಕೊಂಡಿದ್ದೆ. ಆಸ್ತಿ ಕಾಲಂ ಖಾಲಿ ಇದ್ದ ಕೂಲಿಯವರೂ ಇದ್ದರು. 300 ಅಂದರೆ ಅವರ ಹತ್ತಿರ ಹತ್ತಿರ ಒಂದು ವರ್ಷದ ಕೂಲಿ. ಯಾರು ಕೊಟ್ಟರು, ಯಾವ ಬಡ್ಡಿಗೆ? ಆ ಹೆಸರುಗಳ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ. ಇಡೀ ಉತ್ತರದ ರಾಜ್ಯಗಳಲ್ಲಿ ಡ್ರಾಫ್ಟ್‌ಗೆ ಚೀಟಿ ಎತ್ತಿದ್ದು ಸುಮಾರು 7.76 ಲಕ್ಷ ಹೆಸರು, ಹಾಗೆ ಎತ್ತಿದವರಲ್ಲಿ ತಾವೇ ಸೇನೆಗೆ ಹೋದವರು 46 ಸಾವಿರ ಚಿಲ್ಲರೆ. ಉಳಿದವರ ಕಥೆಯೆಲ್ಲ ಷರಾ ಕಾಲಂನಲ್ಲಿದೆ.

ಈಗ ಪಕ್ಕದ ಟೌನ್ ಹಿಡಿದಿದ್ದೇನೆ. ಅಲ್ಲಿನ ಟೌನ್ ಕ್ಲರ್ಕ್ ರಿಜಿಸ್ಟರ್‌ನ (ಊರಿಂದ ಯುದ್ಧಕ್ಕೆ ಹೋದವರ ದಾಖಲೆ) ಫೋಟೋ ಅರ್ಧ ಮಸುಕಾಗಿದೆ. ಮಾರ್ಚ್‌ನಲ್ಲಿ ರಾಜ್ಯದ ರಾಜಧಾನಿ ಆಲ್ಬನಿಗೆ ಹೋಗಿ ಮೂಲ ಪ್ರತಿಯನ್ನೇ ನೋಡಬೇಕು. ಕ್ಯಾಮೆರಾ ಸ್ಟ್ಯಾಂಡ್‌ಗೆ ಇನ್ನೊಂದು 60 ಡಾಲರ್ ಎತ್ತಿಟ್ಟಿದ್ದೇನೆ.