ಸಲಾಡ್‌ಗೆ ಹಗುರವಾದ ಮೊಸರಿನ ಡ್ರೆಸಿಂಗ್

ಸೌತೆಕಾಯಿ, ಕ್ಯಾರೆಟ್‌ಗಳ ಸಲಾಡ್ ಎಷ್ಟೇ ಹಗುರವಾಗಿದ್ದರೂ ಅದರ ಮೇಲೆ ಸುರಿಯುವ ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ ಇರುತ್ತದೆ. ಅದರ ಬದಲು, ಕೆನೆ ತೆಗೆದ ಹಾಲಿನ ಮೊಸರನ್ನು ತೆಳುವಾದ ಬಟ್ಟೆಯಲ್ಲಿ ಒಂದು ಗಂಟೆ ಕಟ್ಟಿಟ್ಟು ನೀರು ಇಳಿಸಿ, ನಾಲ್ಕು ಚಮಚ ಗಟ್ಟಿ ಮೊಸರಿಗೆ ಅರ್ಧ ನಿಂಬೆಹಣ್ಣಿನ ರಸ, ಹುರಿದು ಪುಡಿ ಮಾಡಿದ ಜೀರಿಗೆ, ತುರಿದ ಶುಂಠಿ ಹಾಗೂ ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪನ್ನು ಬೆರೆಸಿಕೊಳ್ಳಬಹುದು. ಉಪ್ಪನ್ನು ಮಾತ್ರ, ಕೋಸಂಬರಿಗೆ ಹಾಕುವಂತೆಯೇ, ಬಡಿಸುವ ಹೊತ್ತಿಗೆ ಸೇರಿಸಬೇಕು. ಇಲ್ಲವಾದರೆ ಸೌತೆಕಾಯಿ ನೀರು ಬಿಟ್ಟು ಎಲ್ಲವೂ ತೆಳ್ಳಗಾಗುತ್ತದೆ. ಒಗ್ಗರಣೆಯಿಲ್ಲದೆ ರುಚಿಸದು ಎನ್ನುವವರಿಗೆ (ನಾನೂ ಅವರಲ್ಲೊಬ್ಬಳು) ಕಾಲು ಚಮಚ ಎಣ್ಣೆಯಲ್ಲಿ ಸಿಡಿಸಿದ ಸಾಸಿವೆ, ಇಂಗು ಧಾರಾಳವಾಗಿ ಸಾಕು. ಕೊಬ್ಬು ಕಡಿಮೆಯೆಂದು ಮಾರುವ ಬಾಟಲಿಗಳಲ್ಲಿ ಸಕ್ಕರೆ ಸೇರಿರುವುದುಂಟು, ಆದ್ದರಿಂದ ಕೊಳ್ಳುವ ಮುನ್ನ ಲೇಬಲ್ ಓದಿ.