ಸೆಪ್ಸಿಸ್ ಅಂತ ಸಂಶಯ ಬಂದ್ರ ಮುಂಜಾನಿ ತನಕ ಕಾಯಬ್ಯಾಡ್ರಿ

ಹೋದ ಸುಗ್ಗಿಯಾಗ ನಮ್ಮ ಮುತ್ಯಾನ ಕಾಲಿಗಿ ಹೊಲದಾಗ ತೊಗರಿ ಕೂಳಿ ಚುಚ್ಚಿತ್ತು, ಸಣ್ಣ ಗಾಯ ಅಂತ ಅರಿಶಿಣ ಹಚ್ಚಿ ಬಿಟ್ವಿ, ಅವಗ ಶುಗರ್ ಬ್ಯಾರೆ ಅದ. ನಾಕನೇ ದಿನ ಸಂಜಿಕಿ ಗಡಗಡ ನಡಗ್ಲಕತ್ತ, ರಾತ್ರಿ ನನಗ ನೋಡಿ ಸತ್ತುಹೋದ ತಮ್ಮನ ಹೆಸರು ಹಿಡದು ಕರದ, ನಾವು ಜ್ವರದಾಗ ಬಡಬಡಸ್ಲಕತ್ತಾನ ಮುಂಜಾನಿ ನೋಡಾಮಿ ಅಂತ ಮಲಗಿದ್ವಿ. ಆಮ್ಯಾಲ ಒಂಬತ್ತು ದಿನ ಐಸಿಯು. ಜೀವ ಉಳೀತು, ಕಾಲಿನ ಎರಡು ಬೆರಳು ಹೋದವು.

ಮುತ್ಯಾಗ ಆಗಿದ್ದು ಸೆಪ್ಸಿಸ್. ಜನ ಇದಕ್ಕ ರಕ್ತಕ್ಕ ವಿಷ ಏರ್ಯಾದ ಅಂತಾರ. ಖರೇ ನೋಡಿದ್ರ ಗಾಯ, ನ್ಯುಮೋನಿಯಾ, ಮೂತ್ರದ ಸೋಂಕು, ಬಾಣಂತಿಗಿ ಆಗೋ ಸೋಂಕು ಯಾವುದರಿಂದಾದ್ರೂ ಶುರು ಆಗ್ತದ, ಸೋಂಕಿನ ಜೋಡಿ ಬಡದಾಡಬೇಕಾದ ಮೈಯೇ ಹದ್ದು ಮೀರಿ ತನ್ನ ಅಂಗಗಳಿಗಿ ಪೆಟ್ಟು ಕೊಡ್ತದ, ರಕ್ತನಾಳ ಸಡಿಲಾಗಿ ಬಿಪಿ ಬೀಳ್ತದ, ಕಿಡ್ನಿಗಿ ಮಿದುಳಿಗಿ ರಕ್ತ ಸಾಲಂಗಿಲ್ಲ. ಮುತ್ಯಾ ಬಡಬಡಿಸಿದ್ದು ಅದಕ್ಕೇ.

ಮನ್ಯಾಗ ಹಿಂಗ ನೋಡ್ರಿ. ಮೊಬೈಲದಾಗ ಟೈಮರ್ ಹಚ್ಚಿ ಪೂರಾ ಒಂದು ನಿಮಿಷ ಉಸಿರಾಡುವಾಗ ಹೊಟ್ಟಿ ಎಷ್ಟು ಸಲ ಏರ್ತದ ಎಣಸ್ರಿ, ದೊಡ್ಡವರಿಗಿ 22 ಅಥವಾ ಅದಕ್ಕ ಜಾಸ್ತಿ ಇದ್ರ ಅಪಾಯ. ಇವತ್ತು ಯಾವ ವಾರ, ಇದು ಯಾರ ಮನಿ ಅಂತ ಕೇಳ್ರಿ, ಉತ್ತರ ತಪ್ಪಿದ್ರ ಅಥವಾ ಎಬ್ಬಿಸಿದ್ರೂ ಮತ್ತ ಮಂಪರಿಗಿ ಹೋದ್ರ ನಿದ್ದಿ ಅಂತ ತಿಳಕೋಬ್ಯಾಡ್ರಿ. ಬಿಪಿ ಮಷೀನ್ ಇದ್ರ ಮ್ಯಾಲಿನ ನಂಬರ್ 100 ಅಥವಾ ಅದಕ್ಕ ಕಡಿಮಿ ಅದ ಏನು ನೋಡ್ರಿ. ಕೈಕಾಲು ತಣ್ಣಗಾಗಿ ಚರ್ಮ ಮಚ್ಚಿ ಮಚ್ಚಿ ಕಾಣೋದು, ಮುಂಜಾನಿಂದ ಒಂದಕ್ಕ ಹೋಗದೇ ಇರೋದು, ಇವೂ ಅದರ ಗುರ್ತೇ. ಎಲ್ಲಾನೂ ಕೂಡಿ ಬರ್ಲಿ ಅಂತ ಕಾಯಬ್ಯಾಡ್ರಿ. ಜ್ವರ ಇಲ್ಲ ಅಂತ ಸಮಾಧಾನನೂ ಬ್ಯಾಡ, ವಯಸ್ಸಾದವರ ಮೈ 36 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗ ಇಳದು ತಣ್ಣಗೂ ಆಗಬಹುದು. ಕೂಸುಗಳ ಉಸಿರಿನ ಲೆಕ್ಕ ಬ್ಯಾರೆ, ಹಾಲು ಕುಡೀಲಾರದೇ ಜೋತು ಬಿದ್ರ ಎಣಸ್ಕೋತ ಕೂಡಬ್ಯಾಡ್ರಿ, ಎತ್ಕೊಂಡು ಹೊಂಡ್ರಿ.

108ಕ್ಕ ಫೋನ್ ಹಚ್ರಿ. ಊರಾಗ ಒಂದು ಇಂಜೆಕ್ಷನ್ ಮಾಡಿಸಿ ನೋಡಾಮಿ ಅನ್ನೋದು, ಮನ್ಯಾಗ ಉಳದ ಆಂಟಿಬಯೋಟಿಕ್ ಗುಳಿಗಿ ನುಂಗ್ಸೋದು, ಎರಡೂ ಬ್ಯಾಡ. ಕಲಬುರಗಿಗಿ ಜಿಮ್ಸ್, ಬೀದರಿಗಿ ಬ್ರಿಮ್ಸ್, ಯಾದಗಿರಿಗಿ ಯಿಮ್ಸ್ ಅಂತ ದೊಡ್ಡ ಸರಕಾರಿ ದವಾಖಾನಿ ಅದಾವ, ಆದ್ರ ದೂರ ಇದ್ರ ಹಾದ್ಯಾಗಿನ ತಾಲೂಕು ದವಾಖಾನ್ಯಾಗ "ಸಾಹೇಬ್ರ, ಸೆಪ್ಸಿಸ್ ಇರಬಹುದಾ, ಮುಂದ ಕಳಸೋ ಮೊದಲು ಸಲೈನ್, ಆಂಟಿಬಯೋಟಿಕ್ ಶುರು ಮಾಡ್ತೀರೇನ್ರಿ" ಅಂತ ಬಾಯಿ ಬಿಟ್ಟು ಕೇಳ್ರಿ. ಕೇಳಲಕ ನಾಚಕೋಬ್ಯಾಡ್ರಿ, ನಾ ಕೇಳಲಿಲ್ಲ. ಬಿಪಿ ಬಿದ್ದು ಅಂಗಗಳಿಗಿ ರಕ್ತ ಸಾಲದಂಗ ಆದವರಿಗಿ (ಇದಕ್ಕ ಡಾಕ್ಟರು ಶಾಕ್ ಅಂತಾರ) ಒಂದು ತಾಸಿನ ಒಳಗ ಆಂಟಿಬಯೋಟಿಕ್ ಮೈಗಿ ಸೇರಬೇಕು ಅಂತ 2021ರ ಅಂತರರಾಷ್ಟ್ರೀಯ ಗೈಡ್‌ಲೈನ್ ಹೇಳ್ತದ. ಅದಕ್ಕೂ ಮೊದಲು ಕಲ್ಚರ್ (ರಕ್ತದಾಗಿನ ಕ್ರಿಮಿ ಬೆಳಸಿ ನೋಡೋದು), ಲ್ಯಾಕ್ಟೇಟ್ (ಅಂಗಗಳಿಗಿ ರಕ್ತ ಸಾಲ್ತದೋ ಇಲ್ಲೋ ಅಂತ ಸುಳಿವು ಕೊಡೋ ಪರೀಕ್ಷೆ) ಅಂತ ರಕ್ತ ತಗೋತಾರ, ಇಷ್ಟ್ಯಾಕ ರಕ್ತ ಅಂತ ಜಗಳ ತಗೀಬ್ಯಾಡ್ರಿ, ಯಾವ ಔಷಧ ನಾಟ್ತದ ಅನ್ನೋದು ಆ ಕಲ್ಚರ್‌ದಾಗೇ ಗೊತ್ತಾಗೋದು.

ಗಾಡಿ ಬರೋದ್ರಾಗ ಒಂದು ಚೀಟಿ ಬರಕೊಳ್ರಿ: ಗಾಯ ಆದ ದಿನ, ನಡುಕ ಶುರು ಆದ ಟೈಮ್, ಕೊನಿಗಿ ಒಂದಕ್ಕ ಹೋಗಿದ್ದು ಯಾವಾಗ, ಉಸಿರು ಎಷ್ಟು. ಶುಗರ್ ಬಿಪಿ ಗುಳಿಗಿ ಚೀಟಿ ಸಮೇತ ಚೀಲದಾಗ ಹಾಕೊಳ್ರಿ.